ಎರಡನೆಯ ಸ್ಟೂಲು

ಅದು ಶುರುವಾದದ್ದು ಹಸಿ ಜೋಳದ ತೆನೆಯ ಸೀತನಿ ಸುಡುವ ಕಾಲದಲ್ಲಿ, ಬೆಳಿಗ್ಗೆ ಹಾಲಿನವನು ಬಂದುಹೋಗಿ ಬಿಸಿಲು ಇನ್ನೂ ಗೋಡೆ ಇಳಿಯದ ಹೊತ್ತಿನಲ್ಲಿ. ಚಳಿ ಇತ್ತು. ನಾನು ಒಲೆಯ ಮುಂದೆ ಕೂತು ಚಹಾದ ಬಟ್ಟಲನ್ನು ಬಾಯಿಗೆ ಇಟ್ಟಿದ್ದೆ. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮೊಣಕೈಯಿಂದ ಒತ್ತಿದ ಹಾಗಾಯಿತು. ಒತ್ತಿದ್ದು ಬಿಡಲಿಲ್ಲ. ಅಲ್ಲಿಂದ ಬೆನ್ನಿಗೆ ಸರಿದು, ಬೆನ್ನಿನಿಂದ ಬಲಭುಜಕ್ಕೆ ಏರಿ ಕೂತಿತು. ನಾನು ಬಟ್ಟಲು ಕೆಳಗಿಟ್ಟು, ಗೋಡೆಯ ಕಡೆ ತಿರುಗಿ ಕೂಗಿದೆ.

“ನಿಂಬೆವ್ವಾ, ನಿನ್ನೆ ಏನ್ ತಿಂದೀ?”

ಗೋಡೆಯ ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಏನೂ ಇಲ್ಲೋ ಮಾರಾಯಾ. ಒಂದೆರಡ ಮಿರ್ಚಿ.”

“ಒಂದೆರಡಕ್ಕ ಇಷ್ಟ ಬರಂಗಿಲ್ಲ.”

“ಐದ ಅನ್ಕೋ ಹಂಗಾರ,” ಎಂದು ಅವಳು ಮತ್ತೆ ಬಡಿಯತೊಡಗಿದಳು. “ಬಾಯಿ ನಂದು, ನಿಂದೇನ ಹೋಗೂದೈತಿ?”

ನನ್ನದೇ ಹೋಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಆ ಮಾತು.

ನಮ್ಮೂರಿನ ಎಲ್ಲರ ಹಾಗೆ ನಾನೂ ನನ್ನ ನೋವನ್ನು ಉಂಡವನಲ್ಲ. ನನ್ನದು ನಿಂಬೆವ್ವನಿಗೆ ಹೋಗುತ್ತದೆ, ಅವಳದು ನನಗೆ ಬರುತ್ತದೆ. ಗಾಯ, ಜ್ವರ, ಬಾವು ಇವೆಲ್ಲ ಯಾರದು ಅವರಿಗೇ. ನೋವು ಮಾತ್ರ ಜೋಡಿಯ ಮನೆಗೆ. ನಮ್ಮಿಬ್ಬರದು ಗೊತ್ತಾದದ್ದು ನಾನು ಅಪ್ಪನ ಕಲಾಯಿ ಒಲೆಯ ಮುಂದೆ ತಿದಿ ಒತ್ತಲು ಕೂತ ಹೊಸತರಲ್ಲಿ. ಕೆಂಡದ ಮೇಲಿದ್ದ ಕೊಳಗದ ಅಂಚನ್ನು ಬರಿಗೈಯಲ್ಲಿ ಹಿಡಿದಿದ್ದೆ. ನನಗೇನೂ ಅನ್ನಿಸಲಿಲ್ಲ. ಪಕ್ಕದ ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಿದ್ದ ಹುಡುಗಿ ಚೀರಿಕೊಂಡು ಓಡಿಬಂದು, “ಏ ಲಾಲ್ಯಾ, ಕೈ ತಗಿಯೋ, ಕೈ ತಗಿಯೋ!” ಎಂದು ನನ್ನ ರಟ್ಟೆ ಹಿಡಿದು ಜಗ್ಗಿದಳು. ಆಮೇಲೆ ನೋಡಿಕೊಂಡರೆ ಅಂಗೈಯ ತೊಗಲು ಎದ್ದು ಬಂದಿತ್ತು. ಕಲಾಯಿ ಹಾಕಿ ಬದುಕಿದವನ ಕೈಯಲ್ಲಿ ಇವತ್ತಿಗೂ ಎಲ್ಲ ಬೆರಳುಗಳಿದ್ದರೆ ಅದು ಗೋಡೆಯಾಚೆಯ ಆ ಬಾಯಿಯಿಂದ.

ಊರು ಇದಕ್ಕೆ ತಕ್ಕ ಹಾಗೆ ತನ್ನ ನಡೆ ನುಡಿ ಮಾಡಿಕೊಂಡಿತ್ತು. ಹಲ್ಲು ಕೀಳಿಸುವವರು ಮೊದಲು ಜೋಡಿಗೆ ಹೇಳಿಕಳಿಸುತ್ತಿದ್ದರು, ಅವರು ಗಾಡಿ ಹೊಡೆಯುವಾಗಲೋ ಬಾವಿಗೆ ಇಳಿದಾಗಲೋ ನೋವು ಬರಬಾರದೆಂದು. ಗಡಿಗಲ್ಲಿನ ಆಚೆಗೆ ಈ ಕಟ್ಟು ನಡೆಯುವುದಿಲ್ಲ. ಅಲ್ಲಿ ಎಲ್ಲರದೂ ಅವರವರಿಗೇ. ಹಾಗಾಗಿ ಪಟ್ಟಣದ ಸಂತೆಗೆ ಹೊರಟವರು, “ನಾ ಕಲ್ಲ ದಾಟ್ತೀನಿ, ನಿಂದ ನೀ ನೋಡ್ಕೋ” ಎಂದು ಹೇಳಿಯೇ ಹೋಗುತ್ತಿದ್ದರು. ಒಬ್ಬ ಮೇಷ್ಟ್ರಿಗೆ ತನ್ನ ತರಗತಿಯ ಮಹಾ ತುಂಟನೇ ಜೋಡಿಯಾಗಿದ್ದ. ಅವನು ಶಾಲೆ ಬಿಡುವವರೆಗೂ ಮೇಷ್ಟ್ರು ಅವನನ್ನು “ಬಾರಪ್ಪಾ, ಕೂಡಪ್ಪಾ” ಎಂದೇ ಮಾತನಾಡಿಸಿದರು.

ನಿಂಬೆವ್ವ ಮಗಳು ಕಸ್ತೂರಿಯನ್ನು ಹೆತ್ತ ದಿನ ಅವಳು ಮಂಚದ ಮೇಲೆ ಬೆವರುತ್ತ ಮಲಗಿದ್ದಳು. ಪಕ್ಕದ ಮಂಚದಲ್ಲಿ ನಾನು ಬಟ್ಟೆ ಕಚ್ಚಿಕೊಂಡು ಒದ್ದಾಡುತ್ತಿದ್ದೆ. “ಅಳಬ್ಯಾಡೋ, ಆತ ಇನ್ನೇನ,” ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಕಸ್ತೂರಿ ಬೆಳೆದು ದೊಡ್ಡವಳಾಗಿ, ಕಲ್ಲಿನ ಆಚೆಯ ಪಟ್ಟಣಕ್ಕೆ ಮದುವೆಯಾಗಿ ಹೋಗುವ ತನಕ ಊರ ಹೆಂಗಸರು ಅವಳನ್ನು “ಲಾಲಸಾಬ ಹಡದ ಮಗಳು” ಎಂದೇ ಕರೆದರು. ನನ್ನ ಹೆಂಡತಿ ಹುಸೇನಬಿ ಮೊದಮೊದಲು ಸಿಡುಕುತ್ತಿದ್ದಳು. “ಆಕಿ ಬ್ಯಾನಿ ನಿನಗ, ನನ್ನ ಬ್ಯಾನಿ ಆ ಗಿರಣಿ ಚನ್ನಬಸ್ಯಾಗ. ನಮ್ಮಿಬ್ಬರ ನಡುವ ಏನೈತಿ ಹೇಳು?” ಎನ್ನುತ್ತಿದ್ದಳು. “ಜಗಳ ಐತಲ್ಲ,” ಎಂದರೆ ನಗುತ್ತಿದ್ದಳು.

ಇದನ್ನೆಲ್ಲ ತಿಳಿದು ನಡೆಸಿದವರು ನಮ್ಮ ದವಾಖಾನೆಯ ವಾಮನರಾವ್ ಡಾಕ್ಟರು. ಅವರ ಮೇಜಿನ ಮುಂದೆ ಎರಡು ಸ್ಟೂಲುಗಳಿದ್ದವು, ನೀಲಿ ಬಣ್ಣದವು. ಒಂದರ ಮೇಲೆ ರೋಗದವರು, ಒಂದರ ಮೇಲೆ ನೋವಿನವರು. ಡಾಕ್ಟರ ಕೈ ಒಬ್ಬರ ಹೊಟ್ಟೆಯ ಮೇಲಿದ್ದರೆ ಕಣ್ಣು ಇನ್ನೊಬ್ಬರ ಮುಖದ ಮೇಲೆ. ಎಲ್ಲಿ ಒತ್ತಿದಾಗ ಆ ಮುಖ ಕಿವುಚಿತೋ ಅಲ್ಲಿಗೆ ಬೆರಳು ನಿಲ್ಲಿಸಿ, “ಹಾಂ, ಇಲ್ಲೈತಿ ಕಳ್ಳ,” ಎನ್ನುತ್ತಿದ್ದರು. ಅವರೂ ಊರಿನಲ್ಲೇ ಉಂಡು ಊರಿನಲ್ಲೇ ಮಲಗುತ್ತಿದ್ದವರು, ಅವರಿಗೂ ಮಜ್ಜಿಗೆ ಮಾರುವವಳೊಬ್ಬಳು ಜೋಡಿಯಾಗಿದ್ದಳು. ಗುರುವಾರಕ್ಕೊಮ್ಮೆ ಹೊರಗಿನಿಂದ ದೊಡ್ಡ ಡಾಕ್ಟರೊಬ್ಬರನ್ನು ಕರೆಸಿ ಹಿಂದಿನ ಕೋಣೆಯಲ್ಲಿ ಆಪರೇಶನ್ ಮಾಡಿಸುತ್ತಿದ್ದರು. ಕೊಯ್ಯುವುದು ರೋಗದವರನ್ನು, ಮಂಪರಿನ ಮದ್ದು ನೋವಿನವರಿಗೆ. ಕೊಯ್ಯಿಸಿಕೊಳ್ಳುವವನು ಮೇಲೆ ಮಾಡು ನೋಡುತ್ತ ಪದ ಗುನುಗುತ್ತಿದ್ದ. ಪಕ್ಕದವನು ಗೊರಕೆ ಹೊಡೆಯುತ್ತಿದ್ದ. ಆ ಹೊರಗಿನ ಡಾಕ್ಟರು ಮೊದಲ ಸಲ ಚಾಕು ಕೆಳಗಿಟ್ಟು ಹೊರಗೆ ಬಂದಿದ್ದರಂತೆ. ಆಮೇಲೆ ಅವರಿಗೂ ರೂಢಿಯಾಯಿತು.

ವಾಮನರಾವ್ ಡಾಕ್ಟರು ತೀರಿಕೊಂಡ ಮೇಲೆ ದವಾಖಾನೆ ಯಾವುದೋ ಸಂಸ್ಥೆಯ ಕೈಗೆ ಹೋಯಿತು. ಗೋಡೆಗೆ ಸುಣ್ಣ ಹೋಗಿ ಬಣ್ಣ ಬಂತು. ನೆಲಕ್ಕೆ ನುಣ್ಣನೆಯ ಟೈಲ್ಸು ಬಂತು. ಗುರುವಾರದ ಆಪರೇಶನ್ ನಿಂತಿತು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಪೆಟ್ಟಿಗೆಗಳನ್ನು ಇಟ್ಟರು. ಕಾಯುವ ಜಾಗದಲ್ಲಿ ಗೋಡೆಗೆ ಟಿ.ವಿ. ತೂಗಿಹಾಕಿದರು. ಅದರಲ್ಲಿ ಒಬ್ಬ ಹುಡುಗಿ ದಿನವಿಡೀ ನಗುನಗುತ್ತ ಆರೋಗ್ಯದ ಮಾತು ಹೇಳುತ್ತಿದ್ದಳು. “ನಿಮ್ಮ ದೇಹದ ಮಾತು ಕೇಳಿ. ನಿಮಗೆ ಎದೆಯಲ್ಲಿ, ಹೊಟ್ಟೆಯಲ್ಲಿ ನೋವಿದ್ದರೆ ಅಲಕ್ಷಿಸಬೇಡಿ. ಕೂಡಲೇ ಬನ್ನಿ.” ಬಂದವರೆಲ್ಲ ಕತ್ತು ಎತ್ತಿ ಕೇಳುತ್ತಿದ್ದರು. ತಮ್ಮ ದೇಹ ತಮಗೆ ಏನನ್ನೂ ಹೇಳದ ಊರಿನಲ್ಲಿ, ಆ ಹುಡುಗಿಯ ಮಾತು ಕೇಳಿ ಏನು ಮಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಆ ಎರಡು ಸ್ಟೂಲುಗಳು ಹೋದವು. ಅವುಗಳ ಜಾಗದಲ್ಲಿ ಒಂದು, ಮೆತ್ತನೆಯದು, ಗಿರಗಿರ ತಿರುಗುವಂಥದು. ಅದರ ಕಾಲನ್ನು, ಸರಿಸಿ ಇನ್ನೊಬ್ಬರಿಗೆ ಜಾಗ ಮಾಡಲು ಬರದ ಹಾಗೆ, ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು.

ಹೊಸ ಡಾಕ್ಟರು ಸಂಕೇತ್ ಎಂದು, ಎಳೆಯ ವಯಸ್ಸು. ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಳ್ಳೆಯವರು. ಮುದುಕರು ಬಂದರೆ ಎದ್ದು ಕೈಹಿಡಿದು ಕೂಡಿಸುತ್ತಿದ್ದರು. ಆದರೆ ಬೆಳಗಿನ ಬಸ್ಸಿಗೆ ಕಲ್ಲಿನ ಆಚೆಯಿಂದ ಬಂದು ಸಂಜೆಯ ಬಸ್ಸಿಗೆ ಆಚೆಗೇ ಹೋಗುತ್ತಿದ್ದರು. ಒಂದು ರಾತ್ರಿಯೂ ನಮ್ಮೂರಿನಲ್ಲಿ ಮಲಗದವರಿಗೆ ನಮ್ಮೂರಿನ ಜೋಡಿ ಅಂಟುವುದಿಲ್ಲ. ನಾವು ಹೇಳಿದ್ದನ್ನು ಅವರು ತಲೆಯಾಡಿಸಿ ಕೇಳುತ್ತಿದ್ದರು, ಮಕ್ಕಳು ಕತೆ ಹೇಳಿದಾಗ ಕೇಳುವ ಹಾಗೆ.

ನೋವು ಶುರುವಾದ ವಾರದಲ್ಲೇ ನಾನೂ ನಿಂಬೆವ್ವನೂ ಒಟ್ಟಿಗೆ ಹೋದೆವು. ಚೀಟಿಯ ಕಿಟಕಿಯಲ್ಲಿ ಸುವರ್ಣಾ ಕೂತಿದ್ದಳು. ನಮ್ಮೂರಿನ ಹುಡುಗಿಯೇ.

“ಇಬ್ಬರೊಳಗ ಪೇಶಂಟ್ ಯಾರು ಕಾಕಾ?” ಎಂದಳು.

“ಯಾರಂದ್ರ? ರೋಗ ಆಕಿದು, ಬ್ಯಾನಿ ನಂದು.”

“ಒಬ್ಬರ ಹೆಸರ ಹೇಳ್ರಿ. ಒಳಗ ಒಬ್ಬರಷ್ಟ ಹೋಗ್ಬೇಕು.”

“ಯವ್ವಾ ಸುವರ್ಣಾ,” ಎಂದೆ, “ನಿನಗ ತಲಿ ಶೂಲಿ ಎದ್ದ ದಿನ ಎದುರಿನ ಇಸ್ತ್ರಿ ಪರಸಪ್ಪ ತಲಿಗೆ ಅರಿವಿ ಕಟ್ಕೊಂಡ ಕುಂದ್ರತಾನ. ನಿನಗ ಗೊತ್ತಿಲ್ಲದ್ದೇನು?”

ಅವಳು ದನಿ ತಗ್ಗಿಸಿದಳು. “ನನಗ ಗೊತ್ತೈತಿ ಕಾಕಾ. ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಒಂದ ಹೆಸರ ತಗೋತೈತಿ. ಎರಡ ಹಾಕಿದ್ರ ಕೆಂಪ ಆಗತೈತಿ.”

ಹಾಗಾಗಿ ಅವತ್ತು ನನ್ನ ಹೆಸರು ಹಾಕಿಸಿದೆವು. ನೋವಿರುವವನು ನಾನಲ್ಲವೇ. ಸಂಕೇತ್ ಡಾಕ್ಟರು ನನ್ನ ಹೊಟ್ಟೆ ಒತ್ತಿದರು, ನಾಲಿಗೆ ನೋಡಿದರು, ರಕ್ತ ತೆಗೆಸಿದರು, ತಣ್ಣನೆಯ ಅಂಟು ಹಚ್ಚಿ ಯಂತ್ರದಲ್ಲಿ ಹೊಟ್ಟೆಯೊಳಗೂ ನೋಡಿದರು. ಕೊನೆಗೆ ಹೆಗಲ ಮೇಲೆ ಕೈಯಿಟ್ಟು, “ಅಜ್ಜ, ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಲಿವರ್ ನಾನು ನೋಡಿಲ್ಲ. ಏನೂ ಇಲ್ಲ ನಿಮಗೆ,” ಎಂದರು.

“ನನಗ ಇಲ್ಲರೀ ಸಾಹೇಬ್ರ. ಹೊರಗ ಕುಂತಾಳ ನೋಡ್ರಿ, ಆಕೀಗೆ ಐತಿ. ಅದ ಯಂತ್ರ ಆಕಿ ಹೊಟ್ಟಿಗೆ ಹಚ್ಚಿ ನೋಡ್ರಿ.”

“ಅವರಿಗೆ ನೋವಿದೆಯಾ?”

“ಇಲ್ಲರಿ. ನೋವು ನನಗ.”

ಅವರು ನಕ್ಕರು. ಆ ನಗುವಿನಲ್ಲಿ ಕುಚೋದ್ಯವಿರಲಿಲ್ಲ, ಅದೇ ನನ್ನನ್ನು ಸುಟ್ಟಿತು. “ನೋವಿಲ್ಲದೋರಿಗೆ ಸುಮ್ಮಸುಮ್ಮನೆ ಸ್ಕ್ಯಾನ್ ಬರೆಯೋಕೆ ಬರಲ್ಲ ಅಜ್ಜ,” ಎಂದು ನೋವಿನ ಗುಳಿಗೆ ಕೊಟ್ಟು ಕಳಿಸಿದರು. ನಾನು ಅವನ್ನು ನುಂಗಲಿಲ್ಲ. ಮನೆಗೆ ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಯಾರಾದರೂ ಕಟ್ಟುತ್ತಾರೆಯೇ?

ಮುಂದಿನ ಸಲ ಅವಳ ಹೆಸರು ಹಾಕಿಸಿದೆವು. ನಾನು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತೆ. ಒಳಗಿನ ಮಾತು ಬಾಗಿಲ ಪರದೆಯಾಚೆಯಿಂದ ಕೇಳುತ್ತಿತ್ತು.

“ಎಲ್ಲಿ ನೋವು ಅಜ್ಜಿ?”

“ನನಗೆಲ್ಲೀದಪಾ ನೋವು. ಹುಡುಗಿ ಹಂಗ ಅದೀನಿ. ನೋವಾಗೂದು ಲಾಲ್ಯಾಗ.”

“ಮತ್ತೆ ನೀವ್ಯಾಕೆ ಬಂದ್ರಿ?”

“ಅಂವನ ಎಳಕೊಂಡ ಬಂದಾನ, ನೋಡಿಸ್ಕೋ ಅಂತ. ನೋಡ್ರಿ.”

ಡಾಕ್ಟರು ಅವಳ ಹೊಟ್ಟೆಯ ಮೇಲೆ ಕೈಯಿಟ್ಟಿರಬೇಕು, ಅವಳು ಕಿಲಕಿಲ ನಗತೊಡಗಿದಳು. ಅವಳಿಗೆ ಮೊದಲಿನಿಂದಲೂ ಕಚಗುಳಿ ಜಾಸ್ತಿ. ಆಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಬೆರಳು ಊರಿದರು. ನಾನು ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದು, “ಯಾ ಅಲ್ಲಾ!” ಎಂದು ಚೀರಿದೆ. ಟಿ.ವಿ. ನೋಡುತ್ತಿದ್ದವರೆಲ್ಲ ತಿರುಗಿದರು. ಒಳಗೆ ನಿಂಬೆವ್ವ, “ಕೇಳಿದ್ರಿಲ್ಲೋ? ಅಲ್ಲೇ ಐತಿ ನೋಡ್ರಿ!” ಎಂದು ಕೂಗಿದಳು. ಪರದೆ ಸರಿಯಿತು. ಸಂಕೇತ್ ಡಾಕ್ಟರು ತಲೆ ಹೊರಗೆ ಹಾಕಿ, “ಸುವರ್ಣಾ, ಇಲ್ಲಿ ಸ್ವಲ್ಪ ಗಲಾಟೆ ಕಡಿಮೆ ಮಾಡ್ಸಿ. ಒಳಗೆ ಪೇಶಂಟ್ ಇದಾರೆ,” ಎಂದರು.

ಪರದೆಯ ಒಂದು ಬಟ್ಟೆ ಅಡ್ಡ ಇತ್ತು, ಅಷ್ಟೇ. ಒಂದು ಮೊಳದ ಬಟ್ಟೆ. ಅವರ ಬೆರಳು ಸರಿಯಾದ ಜಾಗದಲ್ಲೇ ಇತ್ತು, ಕಣ್ಣು ಮಾತ್ರ ನಗುತ್ತಿದ್ದ ಮುಖದ ಮೇಲಿತ್ತು.

ಆಮೇಲೆ ಉಪಾಯ ಹೂಡಿದವಳು ಕಸ್ತೂರಿ. ಅವ್ವನನ್ನು ನೋಡಲು ಬಂದಿದ್ದಳು. ಕಲ್ಲಿನ ಆಚೆ ಸಂಸಾರ ಮಾಡಿ ಅವಳಿಗೆ ಆಚೆಯವರ ರೀತಿ ಗೊತ್ತಾಗಿತ್ತು. “ಯವ್ವಾ, ಅಲ್ಲಿ ಹೋಗಿ ಬ್ಯಾನಿ ಇಲ್ಲ ಅಂದ್ರ ಯಾರೂ ನೋಡಂಗಿಲ್ಲ. ಐತಿ ಅನ್ನು. ಲಾಲಮಾಮಾ ಹೆಂಗ ಮಾಡ್ತಾನ ಹಂಗ ಮಾಡು.”

“ಅಯ್ಯ, ಅದೇನ ದೊಡ್ಡದು,” ಎಂದಳು ನಿಂಬೆವ್ವ. ಹಿಟ್ಟಿನ ಕೈ ಒರೆಸಿಕೊಂಡು, ನನ್ನ ಎದುರಿಗೆ ನಿಂತು, ಹುಬ್ಬು ಗಂಟಿಕ್ಕಿ, ಬಾಯಿ ಓರೆ ಮಾಡಿ, “ಹಾ… ಹಾ…” ಎಂದು ಬಾಗಿದಳು. ನಾನೇ ಬಾಗಿದ ಹಾಗಿತ್ತು. ಹುಸೇನಬಿ ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು. ನಕ್ಕರೆ ಪಕ್ಕೆ ಹಿಡಿದುಕೊಳ್ಳುತ್ತಿತ್ತು. ನಾನು ಪಕ್ಕೆ ಹಿಡಿದುಕೊಂಡರೆ ಅವಳೂ ಹಾಗೇ ಹಿಡಿದುಕೊಂಡಳು. ಅದರಲ್ಲಿದ್ದ ತಪ್ಪು ನಮ್ಮ ನಾಲ್ವರಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಇಷ್ಟು ವರ್ಷ ಅವಳು ನನ್ನ ನೋವನ್ನು ನೋಡಿದ್ದು ಎದುರಿಗೆ ಕೂತು. ನಾನು ಬಲಗಡೆ ಹಿಡಿದುಕೊಂಡರೆ ಅವಳ ಕೈ ಹೋಗುತ್ತಿದ್ದದ್ದು ಅವಳ ಎಡಗಡೆಗೆ, ಕನ್ನಡಿಯಲ್ಲಿ ಹೋದ ಹಾಗೆ. ದವಾಖಾನೆಯಲ್ಲಿ ಅವಳು ಎಡಪಕ್ಕೆ ಹಿಡಿದು, ಎಡಭುಜ ತೋರಿಸಿ, ಎಷ್ಟು ಚೆನ್ನಾಗಿ ನರಳಿದಳೆಂದರೆ ಸಂಕೇತ್ ಡಾಕ್ಟರು ಗಾಬರಿಯಾಗಿ ಎದ್ದರು. ಓಡಾಡಿ ಎದೆಗೆ ವೈರು ಅಂಟಿಸಿ ಇ.ಸಿ.ಜಿ. ಪಟ್ಟಿ ತೆಗೆಸಿದರು. ಎದೆ ಗಟ್ಟಿ ಇತ್ತು. ಮತ್ತೊಮ್ಮೆ ತೆಗೆಸಿದರು. ಆಗಲೂ ಗಟ್ಟಿಯೇ. ಬಲಗಡೆ ಒತ್ತಿದರೆ ಅವಳು ನರಳಲಿಲ್ಲ, ಅಲ್ಲಿ ನರಳಬೇಕೆಂದು ಅವಳಿಗೆ ಹೊಳೆಯಲಿಲ್ಲ, ಹಿಂದಿನ ಸಲ ಬೆರಳು ಎಲ್ಲಿತ್ತೆಂಬುದು ಕಚಗುಳಿಯ ನಗುವಿನಲ್ಲಿ ಮರೆತೇಹೋಗಿತ್ತು. ಹೊರಗೆ ನಾನು ಅಂಗಿಯ ತೋಳು ಕಚ್ಚಿಕೊಂಡು ಸುಮ್ಮನೆ ಕೂತಿದ್ದೆ, ಗದ್ದಲ ಮಾಡಿದರೆ ನಾಟಕ ಕೆಟ್ಟೀತೆಂದು.

“ಗ್ಯಾಸ್ ಅಜ್ಜಿ. ಭಯಪಡಬೇಡಿ,” ಎಂದು ಗುಳಿಗೆ ಕೊಟ್ಟರು.

ಮನೆಗೆ ಬರುವಾಗ ದಾರಿಯಲ್ಲಿ ಅವಳು, “ಹೆಂಗ ಮಾಡಿದ್ನೋ?” ಎಂದು ಕೇಳಿದಳು.

“ಚಲೋ ಮಾಡಿದಿ. ಎಲ್ಲಿ ಹಿಡಕೊಂಡಿದ್ದಿ?”

ಅವಳು ತೋರಿಸಿದಳು. ನಾನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ.

ಮರುದಿನ ಹಟ ಹಿಡಿದು ನಾನೊಬ್ಬನೇ ಹೋದೆ, ಆದದ್ದನ್ನು ಬಿಡಿಸಿ ಹೇಳೋಣವೆಂದು. ಹೇಳುವಷ್ಟರಲ್ಲಿ ನೋವು ಎದ್ದಿತು. ಮನೆಯಲ್ಲಿ ಅವಳು ಏನು ತಿಂದಳೋ, ಅಥವಾ ಏನೂ ತಿನ್ನದೆಯೇ ಅದು ಆ ಹಂತಕ್ಕೆ ಬಂದಿತ್ತೋ. ನಾನು ಆ ತಿರುಗುವ ಸ್ಟೂಲಿನಿಂದ ಬಿದ್ದೆ. ಎತ್ತಿ ಮಲಗಿಸಿದರು. “ಪಾಪ, ತುಂಬಾ ನರಳ್ತಿದಾರೆ,” ಎಂದು ಸಂಕೇತ್ ಡಾಕ್ಟರು ಸೂಜಿ ತೆಗೆದುಕೊಂಡರು.

“ಬ್ಯಾಡರೀ,” ಎಂದೆ. “ಇದನ್ನ ಆರಿಸಬ್ಯಾಡ್ರಿ ಸಾಹೇಬ್ರ. ಇದ ಒಂದ ಐತಿ ಆಕಿ ಸುದ್ದಿ ಹೇಳೂದು.”

“ಸುಮ್ನಿರಿ ಅಜ್ಜ, ನಿಮ್ಮ ಒಳ್ಳೇದಕ್ಕೇ,” ಎಂದು ಚುಚ್ಚಿಬಿಟ್ಟರು. ಒಬ್ಬರು ಕೈ ಹಿಡಿದಿದ್ದರು, ಒಬ್ಬರು ಕಾಲು. ನಾನು ಯಾರನ್ನೂ ಬೈದು ಬೆಳೆದವನಲ್ಲ. ಅವತ್ತು ಬೈದೆ. ನಾಲಿಗೆ ತೊದಲಿ ಬೈಗುಳವೂ ಪೂರ್ತಿಯಾಗಿ ಹೊರಗೆ ಬರಲಿಲ್ಲ.

ಆ ದಿನವೂ ಮರುದಿನದ ಬಹುಪಾಲೂ ನನ್ನ ಪಕ್ಕೆ ಮೂಕವಾಗಿತ್ತು. ಎಷ್ಟು ಒತ್ತಿಕೊಂಡರೂ ಏನೂ ಇಲ್ಲ. ಗೋಡೆಯಾಚೆ ರೊಟ್ಟಿಯ ಸದ್ದು ಕೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. “ಹೆಂಗದೀ?” ಎಂದರೆ, “ನನ್ನೇನ ಕೇಳ್ತೀ, ನೀ ಹೇಳ್ಬೇಕು,” ಎಂದಳು. ಮದ್ದು ಇಳಿದದ್ದು ಬುಧವಾರ ಸಂಜೆ. ಇಳಿದ ಕೂಡಲೇ ಬಂದದ್ದು ಮೊಣಕೈಯ ಒತ್ತಲ್ಲ, ಕಾಸಿದ ಸಲಾಕೆ. ಹೆರಿಗೆಯ ದಿನವೊಂದನ್ನು ಬಿಟ್ಟರೆ ಅಂಥದು ನನಗೆ ಬಂದಿರಲಿಲ್ಲ. ಹುಸೇನಬಿಗೆ ಗೋಡೆಯ ಕಡೆ ಬೆರಳು ಮಾಡಿ ತೋರಿಸಿದೆ. ಅವಳು ಓಡಿದಳು. ನಿಂಬೆವ್ವ ಒಲೆಯ ಮುಂದೆಯೇ ಕೂತಿದ್ದಳಂತೆ, ಮೈ ಕೆಂಡ, ಕಣ್ಣು ಅರಿಶಿನ ತೊಳೆದ ನೀರಿನ ಹಾಗೆ. “ನನಗೇನ ಆಗಿಲ್ಲವಾ, ಒಂದೀಟ ಚಳಿ,” ಎನ್ನುತ್ತಿದ್ದಳಂತೆ.

ಗುರುವಾರ ಬೆಳಗಿನ ಬಸ್ಸಿನಿಂದ ಇಳಿದ ಸಂಕೇತ್ ಡಾಕ್ಟರಿಗೆ ಆ ಹಳದಿ ಕಂಡಿತು. ಕಣ್ಣಿಗೆ ಕಾಣುವಂಥದು ಬಂದ ಮೇಲೆ ಅವರು ತಡ ಮಾಡಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಯಂತ್ರ ಹಚ್ಚಿದರು. ಪಿತ್ತಕೋಶದಲ್ಲಿ ಕಲ್ಲು, ಕೀವು ತುಂಬಿದೆ, ಇವತ್ತೇ ಕೊಯ್ಯಬೇಕು, ಇಲ್ಲಿ ಆಗುವುದಿಲ್ಲ, ಕಲ್ಲಿನ ಆಚೆಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಗುರುವಾರಗಳ ಆಪರೇಶನ್ ನಡೆಯುತ್ತಿದ್ದ ಆ ಮಂಚದ ಮೇಲೆ ಕಂಪ್ಯೂಟರಿನ ಖಾಲಿ ಪೆಟ್ಟಿಗೆಗಳು ಮಾಡಿನವರೆಗೆ ಇದ್ದವು. ಮೊದಲ ವಾರದಲ್ಲೇ ಅವಳ ಹೊಟ್ಟೆಗೆ ಆ ಯಂತ್ರ ಹಚ್ಚಿದ್ದರೆ, ಹಳೆಯ ದವಾಖಾನೆ ಇದ್ದಿದ್ದರೆ, ಅವಳು ಆ ಮಂಚದಲ್ಲಿ ಮಾಡು ನೋಡುತ್ತ ಮಲಗುತ್ತಿದ್ದಳು, ಪಕ್ಕದಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ. ಈಗ ಅವಳು ಕಲ್ಲು ದಾಟಬೇಕು. ದಾಟಿದರೆ ಅವಳದು ಅವಳಿಗೇ.

ಅವಳು ಗಡಿಗಲ್ಲು ದಾಟಿದ್ದು ಎಂದೋ ಮದುವೆ ಮುಂಜಿಗೆ, ಕೈಕಾಲು ಗಟ್ಟಿ ಇದ್ದ ಕಾಲದಲ್ಲಿ. ಸುಟ್ಟ ಬೆರಳು, ಕಿತ್ತ ಹಲ್ಲು, ಉಳುಕಿದ ಪಾದ, ಹೀಗೆ ನನ್ನವನ್ನು ಅವಳು ಉಂಡಿದ್ದಳು. ತನ್ನದರ ರುಚಿ ಅವಳಿಗೆ ತಿಳಿಯದು.

ಆಂಬುಲೆನ್ಸ್ ಬಂತು. ನಾನು ದವಾಖಾನೆಯ ಕಟ್ಟೆಯ ಮೇಲೆ ಮಡಚಿಕೊಂಡು ಬಿದ್ದಿದ್ದೆ. ಅವಳನ್ನು ಸ್ಟ್ರೆಚರಿನಲ್ಲಿ ತಂದರು. ಅವಳು ಎದ್ದು ಕೂತು, “ನಾ ನಡದ ಬರ್ತೀನಿ ಬಿಡ್ರೋ, ಅಂವನ್ನ ಮಲಗಸ್ರಿ ಇದರಾಗ,” ಎಂದು ಜಗಳ ತೆಗೆದಳು.

“ನಾನೂ ಬರ್ತೀನಿ,” ಎಂದೆ.

“ಒಬ್ಬರೇ ಜೊತೆಗೆ,” ಎಂದ ಡ್ರೈವರು. ಕಸ್ತೂರಿ ಹತ್ತಿ ಕೂತಿದ್ದಳು.

“ನಿಂಬೆವ್ವಾ,” ಎಂದು ಕೂಗಿದೆ, “ಕಲ್ಲ ಬಂದಾಗ ಕಸ್ತೂರಿ ಕೈ ಗಟ್ಟಿ ಹಿಡಕೋ.”

“ಯಾಕೋ, ಏನ ಹುಲಿ ಬರ್ತೈತೇನು?” ಎಂದು ನಕ್ಕಳು. ಬಾಗಿಲು ಮುಚ್ಚಿತು.

ಸಂಕೇತ್ ಡಾಕ್ಟರು ಆಗ ನನ್ನ ಬಳಿ ಬಂದರು. ಕಟ್ಟೆಯ ಮೇಲೆಯೇ ಮೊಣಕಾಲೂರಿ ಮತ್ತೆ ಸೂಜಿ ಹಾಕಿದರು. ನಾನು ತಡೆಯಲಿಲ್ಲ, ನನ್ನ ಕಿವಿ ರಸ್ತೆಯ ಕಡೆಗಿತ್ತು. ಆಂಬುಲೆನ್ಸಿನ ಸದ್ದು ಸಂತೆಕಟ್ಟೆ ದಾಟಿತು. ಎಣ್ಣೆಯ ಗಾಣದ ತಿರುವು ದಾಟಿತು. ಪ್ರತಿ ಕುಣಿಗೆ ಗಾಡಿ ಕುಕ್ಕಿದಾಗ ನನ್ನ ಪಕ್ಕೆಯಲ್ಲಿ ಅದು ಕುಕ್ಕುತ್ತಿತ್ತು, ಹಾಗಾಗಿ ಗಾಡಿ ಎಲ್ಲಿದೆಯೆಂದು ನನಗೆ ತಿಳಿಯುತ್ತಿತ್ತು. ಇರಲಿ, ಇನ್ನೂ ಇರಲಿ ಎಂದುಕೊಳ್ಳುತ್ತಿದ್ದೆ. ಅಂಥ ನೋವಿಗೆ ಇರು ಎಂದು ಯಾರೂ ಅಂದಿರಲಿಕ್ಕಿಲ್ಲ. ಹುಣಸೆಮರದ ಹತ್ತಿರದ ದೊಡ್ಡ ಕುಣಿ ಬಂತು. ಅದರ ಮುಂದೆಯೇ ಕಲ್ಲು. ಅಲ್ಲಿಗೆ ದೀಪ ಆರಿದ ಹಾಗೆ ಎಲ್ಲ ನಿಂತಿತು.

ಮೈ ಹಗುರಾಯಿತು. ಬೆನ್ನು ನೆಟ್ಟಗಾಯಿತು. ನಾನು ಎದ್ದು ಕೂತೆ. ಅಷ್ಟು ದೂರದಿಂದ ಕೂಗು ಕೇಳುವುದಿಲ್ಲ, ಆದರೂ ಕೇಳಿತು ಎನ್ನುತ್ತೇನೆ.

“ನೋಡಿದ್ರಾ?” ಎಂದರು ಸಂಕೇತ್ ಡಾಕ್ಟರು. ಸೂಜಿ ಇನ್ನೂ ಅವರ ಕೈಯಲ್ಲಿತ್ತು. ಮುಖದಲ್ಲಿ ನಿಜವಾದ ಸಂತೋಷ. “ಎಷ್ಟು ಬೇಗ ಕೆಲಸ ಮಾಡ್ತು. ನೀವು ಸುಮ್ಮನೆ ಹೆದರಿದ್ರಿ ಅಜ್ಜ.”

ಅವರನ್ನು ನೋಡಿದೆ. ಹೇಳಬೇಕಾದದ್ದು ಎದೆಯ ತುಂಬ ಇತ್ತು. “ಸಾಹೇಬ್ರ,” ಎಂದೆ, “ಆ ಸ್ಟೂಲಿನ ಬೋಲ್ಟ್ ಒಂದ ತಗಸ್ರಿ.” ಅವರಿಗೆ ಅರ್ಥವಾಗಲಿಲ್ಲ. ನೀರು ತರಿಸಿ ಕೊಟ್ಟರು.

ನಿಂಬೆವ್ವ ಉಳಿದಳು. ಕೊಯ್ದು, ಕೀವು ತೆಗೆದು, ಹೊಲಿದರು. ಅವಳ ಮಾತು ನನಗೆ ಸಿಕ್ಕಿದ್ದು ಸೀತನಿಯ ಕಾಲ ಮುಗಿದು ಕಣದ ಕೆಲಸ ಶುರುವಾದ ಮೇಲೆ, ಕಸ್ತೂರಿಯ ಫೋನಿನಲ್ಲಿ. ದನಿ ಸಣ್ಣಗಿತ್ತು.

“ಲಾಲ್ಯಾ, ಇದ ಇತ್ತೇನೋ?”

“ಯಾವುದು?”

“ಮಗ್ಗಲದ್ದು. ಇಷ್ಟ ಇತ್ತೇನು? ಸೀತನಿ ದಿನದಿಂದ ಇಷ್ಟನ್ನೂ ಹೊತಗೊಂಡ ನೀ ಚಾ ಕುಡಕೋತ ಕುಂತಿದ್ದಿ?”

“ಆತಲ್ಲ, ಹೋತಲ್ಲ ಈಗ. ಯಾವಾಗ ಬರ್ತೀ?”

“ಕಸ್ತೂರಿ ಹುಟ್ಟಿದಾಗ ಇದಕ್ಕೂ ಹೆಚ್ಚಿತ್ತೇನು?”

“ಅದೆಲ್ಲ ಯಾಕ ಈಗ?” ಎಂದೆ. ಅವಳಿಗೆ ಅಷ್ಟೇ ಸಾಕಾಯಿತು.

“ನಾ ನಕ್ಕೋತ ಮಲಗಿದ್ದೆ ಅಲ್ಲೋ ಅವತ್ತ,” ಎಂದಳು. “ಅಳಬ್ಯಾಡ ಅಂತ ನಿನಗ ಬುದ್ಧಿ ಹೇಳಿದ್ದೆ. ನಿಂದು ಬಟ್ಟು ಸುಟ್ಟದ್ದು, ಹಲ್ಲ ಕಿತ್ತದ್ದು. ನಂದು ಇದು. ತಕ್ಕಡಿ ಸಮ ಇರಲಿಲ್ಲೋ. ನೀ ಒಂದ ಮಾತ ಹೇಳಬೇಕಿತ್ತು.”

“ಹೇಳಿದ್ರ ಏನ ಮಾಡ್ತಿದ್ದಿ? ತಿರುಗಿ ತಗೋತಿದ್ದಿ ಏನು?”

“ಈಗ ತಗೊಂಡೀನಿ. ಮೊಣಕಾಲ ಬ್ಯಾನೀನೂ ಇಲ್ಲೇ ಐತಿ, ಹಿಮ್ಮಡದ್ದೂ ಐತಿ. ಇಲ್ಲೇ ಇರ್ಲಿ. ನಾ ಇನ್ನ ಊರಿಗೆ ಬರಂಗಿಲ್ಲ. ನಿನ್ನ ಮ್ಯಾಲ ಮತ್ತ ಹೊರಸಂಗಿಲ್ಲ.”

“ನಾ ಹೊರಂಗಿಲ್ಲ ಅಂದಿದ್ನೇನು? ಯಾರ ಕೇಳಿದ್ರು ನಿನ್ನ?” ಎಂದು ನಾನು ಚೀರಿದೆ. ಹುಸೇನಬಿ ಒಳಗಿನಿಂದ ಓಡಿಬಂದಳು. ಫೋನು ಆಗಲೇ ಕಟ್ಟಾಗಿತ್ತು.

ನನ್ನ ಸಿಟ್ಟು ಅವಳ ಮೇಲಲ್ಲ. ಅವಳಿಗೆ ಅದು ತಿಳಿಯುವ ಅಗತ್ಯವೇ ಇರಲಿಲ್ಲ. ಮಿರ್ಚಿ ತಿಂದು, “ನಿಂದೇನ ಹೋಗೂದೈತಿ” ಎನ್ನುತ್ತ ಸಾಯುವವರೆಗೆ ನಗುತ್ತಿರಬಹುದಾಗಿದ್ದ ಹೆಂಗಸಿಗೆ ಲೆಕ್ಕ ತೋರಿಸಿ ನಾಚಿಕೆ ಹೊರಿಸಿ ಕೂಡಿಸಿದರು. ಅದಕ್ಕೆ ಬೇಕಾದದ್ದು ದೊಡ್ಡದೇನಲ್ಲ. ಒಂದು ಬೋಲ್ಟು, ಒಂದು ಪರದೆ, ಒಂದೇ ಹೆಸರು ನುಂಗುವ ಒಂದು ಪೆಟ್ಟಿಗೆ.

ಒಂದು ದಿನ ಚಹಾದ ಪಾತ್ರೆ ಇಳಿಸುವಾಗ ಬೆರಳು ತಗುಲಿತು. ಉರಿ ನನಗೇ ಬಂತು. ಬದುಕಿನಲ್ಲಿ ಮೊದಲ ಸಲ ನನ್ನದು ನನಗೆ. ರೂಢಿಯಿಂದ ಗೋಡೆಯ ಕಡೆ ತಿರುಗಿ, “ಏನಿಲ್ಲ, ಸುಮ್ಕ ಸ್ವಲ್ಪ ತಾಗಿತು,” ಎಂದೆ. ಆ ಕಡೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಅವರು ರೊಟ್ಟಿ ಬಡಿಯುವುದಿಲ್ಲ.

ಅವತ್ತೇ ಹಳೆಯ ತಗಡಿನಿಂದ ಒಂದು ಸ್ಟೂಲು ಮಾಡಿದೆ. ನೀಲಿ ಬಣ್ಣ ಹಚ್ಚಿ, ಹೊತ್ತುಕೊಂಡು ಹೋಗಿ, ಡಾಕ್ಟರ ಮೇಜಿನ ಮುಂದೆ ಆ ತಿರುಗುವ ಸ್ಟೂಲಿನ ಪಕ್ಕಕ್ಕೆ ಇಟ್ಟು ಬಂದೆ. ಮರುದಿನ ಅದು ಹೊರಗೆ ಕಟ್ಟೆಯ ಮೇಲಿತ್ತು, ಅದರ ಮೇಲೆ ನೀರಿನ ಕ್ಯಾನು. ಕ್ಯಾನು ಇಳಿಸಿ ಒಳಗಿಟ್ಟೆ. ಮತ್ತೆ ಹೊರಗೆ ಬಂತು. ಮತ್ತೆ ಒಳಗಿಟ್ಟೆ. ಈಗ ದಿನಾ ಬೆಳಿಗ್ಗೆ ನನ್ನ ಕೆಲಸ ಅದೇ. ಸುವರ್ಣಾ ನೋಡಿಯೂ ನೋಡದ ಹಾಗೆ ಇರುತ್ತಾಳೆ. ಒಮ್ಮೊಮ್ಮೆ ನಾನು ಹೋಗುವ ಮೊದಲೇ ಕ್ಯಾನು ನೆಲದ ಮೇಲೆ ಇಳಿದಿರುತ್ತದೆ.

ಸಂಕೇತ್ ಡಾಕ್ಟರು ನನ್ನನ್ನು ಹೊಸಬರಿಗೆ ತೋರಿಸಿ, “ಈ ಅಜ್ಜನಿಗೆ ಎಂಥಾ ನೋವಿತ್ತು ಗೊತ್ತಾ? ಈಗ ನೋಡಿ,” ಎನ್ನುತ್ತಾರೆ. ನಾನು ಬರೆದಿಡುವುದಿಷ್ಟು. ಇಲ್ಲಿ ವಾಸಿಯಾದವರು ಯಾರೂ ಇಲ್ಲ. ಊರು ಬಿಟ್ಟು ಹೋದವಳು ನಿಂಬೆವ್ವ. ಅವತ್ತು ಗುರುವಾರ.